ಪಹಣಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು: ತಿದ್ದಬೇಕಾದವರು ಯಾರು?

ಅರಳಿಕಟ್ಟೆ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿರುವ ನನ್ನ ತಾಯಿಯ ವಿಷಯವಾಗಿ ಬರೆಯುತ್ತಿದ್ದೇನೆ. ಇದು ನಮ್ಮ ಮನೆಯೊಂದರ ಪಾಡಲ್ಲ ಎಂಬುದು ಮೂರು ತಿಂಗಳ ಓಡಾಟದಲ್ಲಿ ನನಗೆ ಮನದಟ್ಟಾಗಿರುವುದರಿಂದ ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ತಾಯಿಗೆ 72 ವರ್ಷ. ತವರಿನಿಂದ ಬಂದ 1 ಎಕರೆ 14 ಗುಂಟೆ ಖುಷ್ಕಿ ಜಮೀನು ಸುಮಾರು ಮೂವತ್ತು ವರ್ಷಗಳಿಂದ ಅವರ ಹೆಸರಿನಲ್ಲಿದೆ. ಅವರ ನಿಜವಾದ ಹೆಸರನ್ನು ಇಲ್ಲಿ ಬರೆಯುವುದು ಬೇಡ. ಕಾಳಮ್ಮ ಎಂದು ಇಟ್ಟುಕೊಳ್ಳೋಣ, ಏಕೆಂದರೆ ನಮ್ಮ ತೊಡಕು ಇರುವುದೂ ಇಂಥದೇ ಒಂದು ದೀರ್ಘದಲ್ಲಿ ಮತ್ತು ಇಂಥದೇ ಒಂದು ಳಕಾರದಲ್ಲಿ. ಪಹಣಿಯ 9ನೇ ಕಾಲಂನಲ್ಲಿ ‘ಕಾಳಮ್ಮ ಕೋಂ’ ಎಂದು ಬರೆದು ಮುಂದೆ ನಮ್ಮ ತಂದೆಯ ಹೆಸರಿದೆ. ಪಡಿತರ ಚೀಟಿಯಲ್ಲಿಯೂ ಕಾಳಮ್ಮ ಎಂದೇ ಇದೆ. ಆಧಾರ್‌ನಲ್ಲಿ ಮಾತ್ರ ‘ಕಲಮ್ಮ’ ಎಂದಾಗಿದೆ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇಂಗ್ಲಿಷಿನ ಎಲ್ ಅಕ್ಷರ ಎರಡು ಸಲ ಬಿದ್ದಿರುವುದರಿಂದ ಅಲ್ಲಿನ ಗುಮಾಸ್ತರು ಅವರನ್ನು ‘ಕಲ್ಲಮ್ಮ’ ಎಂದು ಕೂಗುತ್ತಾರೆ.

2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿದಾಗ ನಮ್ಮ ರಾಗಿಯೂ ಹೊಡೆ ಬಿಚ್ಚುವ ಮೊದಲೇ ಒಣಗಿತು. ಪಕ್ಕದ ಹೊಲದವರ ಖಾತೆಗೆ ಪರಿಹಾರ ಬಂತು, ತಾಯಿಯ ಖಾತೆಗೆ ಬರಲಿಲ್ಲ. ವಿಚಾರಿಸಿದಾಗ, ಪಹಣಿಯ ಹೆಸರಿಗೂ ಆಧಾರ್‌ನ ಹೆಸರಿಗೂ ತಾಳೆಯಾಗದೆ ಅವರ ರೈತ ಗುರುತಿನ ಸಂಖ್ಯೆಗೆ, ಅಂದರೆ ಎಫ್‌ಐಡಿಗೆ, ಈ ಜಮೀನು ಸೇರಿಯೇ ಇಲ್ಲ ಎಂದು ತಿಳಿಯಿತು. ಆ ಪರಿಹಾರದ ಆಸೆಯನ್ನು ಬಿಟ್ಟೆವು. ಈ ವರ್ಷ ಸೊಸೈಟಿಯಲ್ಲಿ ಬೆಳೆ ಸಾಲ ಕೇಳಲು ಹೋದಾಗ ಅದೇ ಕಾರಣ ಮತ್ತೆ ಎದುರಾಯಿತು. ಒಬ್ಬರು ಆಧಾರ್ ತಿದ್ದಿಸಿ ಎಂದರು, ಇನ್ನೊಬ್ಬರು ಪಹಣಿ ತಿದ್ದಿಸಿ ಎಂದರು, ಮೂರನೆಯವರು ‘ಕಾಳಮ್ಮ, ಕಲಮ್ಮ, ಕಲ್ಲಮ್ಮ ಮೂವರೂ ಒಬ್ಬರೇ’ ಎಂದು ನೋಟರಿಯ ಮುಂದೆ ಪ್ರಮಾಣ ಮಾಡಿ ಅಫಿಡವಿಟ್ ತನ್ನಿ ಎಂದರು. ಛಾಪಾ ಕಾಗದದ ಮೇಲೆ ಹೆಬ್ಬೆಟ್ಟು ಒತ್ತುವಾಗ ತಾಯಿ ನನ್ನ ಮುಖ ನೋಡಿ, “ನನ್ನ ಹೆಸರು ನನಗೆ ಗೊತ್ತಿಲ್ಲವೇನಪ್ಪಾ?” ಎಂದು ಕೇಳಿದರು. ಆ ಅಫಿಡವಿಟ್ಟನ್ನೂ ಒಂದು ಕಡೆ ಒಪ್ಪಿದರು, ಇನ್ನೊಂದು ಕಡೆ ಒಪ್ಪಲಿಲ್ಲ.

ನನ್ನ ಪ್ರಶ್ನೆಗಳು ಎರಡು. ಹುಟ್ಟಿದಂದಿನಿಂದ ಒಂದೇ ಹೆಸರಿನಲ್ಲಿ ಬದುಕಿದ ಒಬ್ಬ ಹೆಂಗಸಿಗೆ ಮೂರು ಹೆಸರು ಹೇಗೆ ಬಂದವು? ತಪ್ಪು ಅವರದಲ್ಲದಿದ್ದ ಮೇಲೆ ಅದನ್ನು ತಿದ್ದಿಸುವ ಹೊಣೆ ಅವರ ತಲೆಯ ಮೇಲೇ ಏಕೆ ಬೀಳಬೇಕು?

ಹಳೆಯ ಕಂದಾಯದವ

ತಮ್ಮ ತಾಯಿಯವರಿಗೆ ಆಗಿರುವ ತೊಂದರೆ ಓದಿ ಬೇಸರವಾಯಿತು. ನಾನು ಗ್ರಾಮಲೆಕ್ಕಿಗನಾಗಿ ಸೇವೆ ಸಲ್ಲಿಸಿ ನಿವೃತ್ತನಾದವನು. ಈಗ ಆ ಹುದ್ದೆಗೆ ಗ್ರಾಮ ಆಡಳಿತ ಅಧಿಕಾರಿ ಎಂಬ ಹೆಸರಿದೆ. ನನ್ನ ಕಣ್ಣಿನಿಂದ ನೋಡಿದಾಗ ಈ ವಿಷಯ ಹೇಗೆ ಕಾಣುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಶಾನುಭೋಗರ ಕಾಲದಲ್ಲಿ ಊರಿನ ಲೆಕ್ಕ ಬರೆಯುವವನು ಊರಿನವನೇ ಆಗಿದ್ದ. 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಗ್ರಾಮ ಹುದ್ದೆಗಳು ರದ್ದಾಗಿ ನಮ್ಮಂಥ ಸರ್ಕಾರಿ ನೌಕರರು ಬಂದೆವು. ಅದು ಆಗಲೇಬೇಕಾಗಿದ್ದ ಬದಲಾವಣೆ. ಶಾನುಭೋಗನ ಲೇಖನಿಗೆ ಹೆದರಿ ಬದುಕಿದ ಬಡವರ ಸಂಕಟವನ್ನು ನಾನು ಹಿರಿಯರಿಂದ ಕೇಳಿದ್ದೇನೆ. ಆದರೂ ಎರಡೂ ಕಾಲದಲ್ಲಿ ಒಂದು ಸಂಗತಿ ಮಾತ್ರ ಹಾಗೆಯೇ ಇತ್ತು. ಪುಸ್ತಕದಲ್ಲಿರುವ ಹೆಸರು ಯಾರದು ಎಂಬುದನ್ನು ಬರೆದವನು ಮುಖ ನೋಡಿ ಬಲ್ಲವನಾಗಿದ್ದ. ‘ಬಿನ್’ ಎಂದರೆ ಇಂಥವರ ಮಗ, ‘ಕೋಂ’ ಎಂದರೆ ಇಂಥವರ ಹೆಂಡತಿ. ಬಿನ್ ಎಂಬುದು ಅರಬ್ಬಿಯಿಂದ ಬಂದ ಮಾತಾದರೂ ನಮ್ಮ ಹಳ್ಳಿಗಳಲ್ಲಿ ಅದು ಕನ್ನಡವೇ ಆಗಿಹೋಗಿದೆ. ಹೆಸರಿನ ಕಾಗುಣಿತ ಹೆಚ್ಚುಕಡಿಮೆಯಾಗಿದ್ದರೂ ಬಿನ್, ಕೋಂ, ಸರ್ವೆ ನಂಬರು ಮತ್ತು ಚೆಕ್ಕುಬಂದಿ ಸೇರಿದಾಗ ಆಳು ಯಾರೆಂಬುದರಲ್ಲಿ ಅನುಮಾನ ಉಳಿಯುತ್ತಿರಲಿಲ್ಲ.

2000ನೇ ಇಸವಿಯ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂತು. ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆಯಾದ ಎನ್‌ಐಸಿ ಸಿದ್ಧಪಡಿಸಿದ ತಂತ್ರಾಂಶದಲ್ಲಿ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳನ್ನು ಕೈಬರಹದಿಂದ ಕಂಪ್ಯೂಟರಿಗೆ ಏರಿಸಲಾಯಿತು. ಪುಸ್ತಕ ನೋಡಿ ಟೈಪು ಮಾಡಿದವರು ನಗರದ ಹುಡುಗ ಹುಡುಗಿಯರು. ಅವರು ಕೊಟ್ಟ ಮುದ್ರಿತ ಪ್ರತಿಗಳನ್ನು ಮೂಲದೊಡನೆ ಹೋಲಿಸಿ ತಪ್ಪು ಗುರುತಿಸುವ ಕೆಲಸ ನಮ್ಮದು. ರಾತ್ರಿ ಹತ್ತರವರೆಗೆ ಕುಳಿತು ಕೆಂಪು ಶಾಯಿಯಲ್ಲಿ ತಿದ್ದಿದ ಕಟ್ಟುಗಳು ನನಗೆ ಇನ್ನೂ ನೆನಪಿವೆ. ವಿಸ್ತೀರ್ಣದ ಅಂಕೆ ತಪ್ಪಿದರೆ ವ್ಯಾಜ್ಯವಾಗುತ್ತದೆಂದು ಎಕರೆ ಗುಂಟೆಗಳನ್ನು ಎರಡೆರಡು ಸಲ ನೋಡಿದೆವು, ಹೆಸರಿನ ದೀರ್ಘ ಒತ್ತುಗಳನ್ನು ಅಷ್ಟು ನೋಡಲಿಲ್ಲ. ಮುಂದೊಂದು ದಿನ ಈ ಹೆಸರನ್ನು ಮನುಷ್ಯನ ಬದಲು ಯಂತ್ರ ಓದುತ್ತದೆ ಎಂಬುದು ನಮ್ಮ ಕಲ್ಪನೆಯಲ್ಲಿಯೇ ಇರಲಿಲ್ಲ. ಭೂಮಿಯಿಂದ ಆದ ಉಪಕಾರ ದೊಡ್ಡದು. ಪಹಣಿಗಾಗಿ ನಮ್ಮಂಥವರ ಮನೆ ಬಾಗಿಲು ಕಾಯುತ್ತಿದ್ದ ರೈತ 15 ರೂಪಾಯಿ ಕೊಟ್ಟು ತಾಲ್ಲೂಕಿನ ಕಿಟಕಿಯಲ್ಲಿ ಅದನ್ನು ಪಡೆಯುವಂತಾದ. ಆದರೆ ಆ ದಿನ ಬಿಟ್ಟ ಸಣ್ಣ ತಪ್ಪುಗಳೇ ಇಂದು ಹೆಮ್ಮರವಾಗಿವೆ.

ಇನ್ನೊಂದು ಮಾತನ್ನೂ ಹೇಳದಿದ್ದರೆ ನ್ಯಾಯವಾಗುವುದಿಲ್ಲ. ಒಂದೇ ಊರಿನಲ್ಲಿ ಒಂದೇ ಹೆಸರಿನ ನಾಲ್ವರು ಇರುವುದು ಸಾಮಾನ್ಯ. ಹೆಸರಿನ ಹೋಲಿಕೆಯನ್ನೇ ಹಿಡಿದು, ಊರು ಬಿಟ್ಟುಹೋದವರ ಜಮೀನನ್ನು ಮಾಲೀಕರಲ್ಲದವರು ಕ್ರಯ ಮಾಡಿಕೊಟ್ಟ ಪ್ರಕರಣಗಳನ್ನು ನಾನೇ ಕಂಡಿದ್ದೇನೆ. ಪಹಣಿಗೆ ಆಧಾರ್ ಜೋಡಿಸುವುದರ ಉದ್ದೇಶವೇ ಅದನ್ನು ತಡೆಯುವುದು. ಆದ್ದರಿಂದ ಯಂತ್ರ ಕಟ್ಟುನಿಟ್ಟಾಗಿರುವುದನ್ನು ನಾನು ಪೂರ್ತಿ ತಪ್ಪೆನ್ನಲಾರೆ.

ಶಿಬಿರದ ಹುಡುಗಿ

ಅರಳಿಕಟ್ಟೆಯವರ ಮೊದಲ ಪ್ರಶ್ನೆಗೆ ನಾನು ಉತ್ತರಿಸಬೇಕು, ಏಕೆಂದರೆ ಅಂಥ ತಪ್ಪುಗಳಲ್ಲಿ ಕೆಲವು ನನ್ನ ಕೈಯಿಂದಲೂ ಆಗಿರಬಹುದು. ನಮ್ಮ ರಾಜ್ಯದಲ್ಲಿ ಆಧಾರ್ ನೋಂದಣಿ ಪ್ರಾಯೋಗಿಕವಾಗಿ ಆರಂಭವಾದದ್ದು ಮೈಸೂರು ಮತ್ತು ತುಮಕೂರು ಜಿಲ್ಲೆಗಳಲ್ಲಿ. ಪಿಯುಸಿ ಮುಗಿಸಿ ಕೆಲಸ ಹುಡುಕುತ್ತಿದ್ದ ನಾನು ಒಂದು ಖಾಸಗಿ ಸಂಸ್ಥೆಯ ಮೂಲಕ ಶಿಬಿರಗಳಲ್ಲಿ ಆಪರೇಟರ್ ಆಗಿ ಸೇರಿಕೊಂಡೆ. ಎಷ್ಟು ಜನರ ನೋಂದಣಿಯಾಯಿತೋ ಅದರ ಮೇಲೆ ನಮಗೆ ಹಣ. ಶಾಲೆಯ ಕೊಠಡಿಯಲ್ಲಿ ಬೆಳಿಗ್ಗೆ ಏಳಕ್ಕೇ ಸಾಲು ನಿಂತಿರುತ್ತಿತ್ತು, ಕರೆಂಟು ಯಾವಾಗ ಹೋಗುತ್ತದೋ ಎಂಬ ಭಯ ಬೇರೆ.

ತಂತ್ರಾಂಶದಲ್ಲಿ ಹೆಸರನ್ನು ಮೊದಲು ಇಂಗ್ಲಿಷಿನಲ್ಲಿ ಟೈಪು ಮಾಡುತ್ತಿದ್ದೆವು. ಅದರ ಕೆಳಗಿನ ಕನ್ನಡದ ಸಾಲು ತಾನಾಗಿಯೇ ಮೂಡುತ್ತಿತ್ತು. ಕೆ, ಎ, ಎಲ್, ಎ, ಎಂ, ಎಂ, ಎ ಎಂದು ಒತ್ತಿದರೆ ಯಂತ್ರಕ್ಕೆ ಅದು ಕಾಳಮ್ಮನೋ ಕಾಲಮ್ಮನೋ ಕಲಮ್ಮನೋ ತಿಳಿಯುವುದು ಹೇಗೆ? ಅದು ತನಗೆ ತೋಚಿದ್ದನ್ನು ಬರೆಯುತ್ತಿತ್ತು. ಆ ಕನ್ನಡದ ಸಾಲನ್ನು ತಿದ್ದುವ ಅವಕಾಶ ನಮಗಿತ್ತು, ತಿದ್ದಬೇಕೆಂದು ತರಬೇತಿಯಲ್ಲಿ ಹೇಳಿಯೂ ಇದ್ದರು. ಆದರೆ ಅದಕ್ಕೆ ತೆರೆಯ ಮೇಲಿನ ಕೀಲಿಮಣೆಯನ್ನು ತೆರೆದು ಅಕ್ಷರ ಹುಡುಕಬೇಕಿತ್ತು. ಮುಗಿಸುವ ಮೊದಲು ಪರದೆಯನ್ನು ನೋಂದಣಿ ಮಾಡಿಸಿಕೊಳ್ಳುವವರ ಕಡೆಗೆ ತಿರುಗಿಸಿ, “ಸರಿಯಾಗಿದೆಯೇ ನೋಡಿ” ಎಂದು ಕೇಳುವುದು ನಿಯಮ. ನಾನು ಕೇಳುತ್ತಿದ್ದೆ. ಓದಲು ಬಾರದ ಅಜ್ಜಿಯರು ಪರದೆಯನ್ನು ನೋಡಿ, ತಮ್ಮ ಫೋಟೋ ಕಂಡು, “ಸರಿಯಾಗಿದೆ ಮಗಳೇ” ಎನ್ನುತ್ತಿದ್ದರು.

ಆ ‘ಸರಿಯಾಗಿದೆ’ ಎಂಬ ಮಾತನ್ನು ಅವರ ಒಪ್ಪಿಗೆ ಎಂದು ದಾಖಲಿಸಿಕೊಂಡೆವು. ಈಗ ಹೆಸರು ತಪ್ಪಾಗಿರುವುದು ಅವರ ಹೊಣೆ ಎನ್ನುವವರು ಆ ಕೊಠಡಿಯಲ್ಲಿ ಒಂದು ದಿನ ಕುಳಿತಿದ್ದರೆ ಹಾಗೆ ಹೇಳಲಾರರು.

ತಂತ್ರಾಂಶ ಬರೆಯುವವನು

ಮೇಲಿನ ಎರಡು ಉತ್ತರಗಳನ್ನೂ ಓದಿದ ಮೇಲೆ ತಾಂತ್ರಿಕ ಭಾಗವನ್ನು ಬಿಡಿಸಿ ಹೇಳುವುದು ಉಪಯುಕ್ತ ಎನಿಸಿತು. ಕಂಪ್ಯೂಟರುಗಳು ಅಕ್ಷರಗಳನ್ನು ಗುರುತಿಸಲು ಬಳಸುವ ಯೂನಿಕೋಡ್ ಎಂಬ ಪಟ್ಟಿಯಲ್ಲಿ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆ ಇದೆ. ಲಕಾರದ ಸಂಖ್ಯೆ 3250, ಳಕಾರದ್ದು 3251. ನಮ್ಮ ಕಿವಿಗೆ ಹತ್ತಿರವಾದ ಈ ಎರಡು ಅಕ್ಷರಗಳು ಯಂತ್ರಕ್ಕೆ ‘ಕ’ ಮತ್ತು ‘ಹ’ದಷ್ಟೇ ಬೇರೆ ಬೇರೆ. ಅಕ್ಷರಕ್ಕೆ ಅಕ್ಷರ ಹೋಲಿಸಿದರೆ ಕಾಳಮ್ಮ ಮತ್ತು ಕಲಮ್ಮ ಇಬ್ಬರು ಅಪರಿಚಿತರು.

ಇದಕ್ಕೆ ಪರಿಹಾರವಾಗಿ ಹೆಸರುಗಳ ನಡುವಿನ ಹೋಲಿಕೆಯನ್ನು ಅಳೆಯುವ ಲೆಕ್ಕಗಳು ಬಹಳ ಹಿಂದಿನಿಂದಲೂ ಇವೆ. ಅಮೆರಿಕದಲ್ಲಿ 1918ರಲ್ಲೇ ‘ಸೌಂಡೆಕ್ಸ್’ ಎಂಬ ವಿಧಾನಕ್ಕೆ ಪೇಟೆಂಟ್ ಸಿಕ್ಕಿತು. ಅಲ್ಲಿನ ಜನಗಣತಿಯ ಹೆಸರುಗಳನ್ನು ಹುಡುಕಲು ಅದನ್ನು ಬಳಸಿದರು. ಮೊದಲ ಅಕ್ಷರವನ್ನು ಹಾಗೆಯೇ ಉಳಿಸಿಕೊಂಡು, ಸ್ವರಗಳನ್ನು ಬಿಟ್ಟು, ಮುಂದಿನ ವ್ಯಂಜನಗಳಿಗೆ 1ರಿಂದ 6ರವರೆಗೆ ಅಂಕಿ ಕೊಡುವುದು ಅದರ ಕ್ರಮ. ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದು ನಾನು ಅದಕ್ಕೆ ಕೊಟ್ಟು ನೋಡಿದೆ. ಹಣಮಂತ, ಹನುಮಂತ ಎರಡೂ ಒಂದೇ ಅಂಕಿಯ ಕೆಳಗೆ ಬಂದವು, ಸಂತೋಷವಾಯಿತು. ಆದರೆ ಈರಪ್ಪನಿಗೆ ‘ಇ 610’ ಬಂದರೆ ವೀರಪ್ಪನಿಗೆ ‘ವಿ 610’ ಬಂತು. ಬಸಪ್ಪ ‘ಬಿ 210’ ಆದರೆ ಬಸವಪ್ಪ ‘ಬಿ 211’ ಆದ. ಈರಪ್ಪನೇ ವೀರಪ್ಪ, ಬಸಪ್ಪನೇ ಬಸವಪ್ಪ ಎಂಬುದು ಕನ್ನಡ ಬಲ್ಲ ಮಗುವಿಗೂ ಗೊತ್ತು. ಆ ಲೆಕ್ಕಕ್ಕೆ ಗೊತ್ತಿಲ್ಲ, ಏಕೆಂದರೆ ಅದನ್ನು ಕಟ್ಟಿದ್ದು ಇಂಗ್ಲಿಷಿನ ಹೆಸರುಗಳಿಗಾಗಿ.

ಇಂದಿನ ವಿಧಾನಗಳು ಇದಕ್ಕಿಂತ ಎಷ್ಟೋ ಮುಂದೆ ಹೋಗಿವೆ. ಆದರೂ ಕನ್ನಡದ ಹೆಸರು ಇಂಗ್ಲಿಷಿಗೆ ಹೋಗಿ, ಅಲ್ಲಿ ದೀರ್ಘವನ್ನೂ ಳಕಾರ ಣಕಾರಗಳನ್ನೂ ಕಳೆದುಕೊಂಡು, ಮತ್ತೆ ಕನ್ನಡಕ್ಕೆ ಬಂದಾಗ ಕಳೆದುಹೋದದ್ದನ್ನು ಯಾವ ತಂತ್ರಾಂಶವೂ ಖಚಿತವಾಗಿ ತಂದುಕೊಡಲಾರದು. 26 ಅಕ್ಷರಗಳ ಚೀಲಕ್ಕೆ 49 ಅಕ್ಷರಗಳನ್ನು ತುಂಬಿ, ಹೊರಗೆ ತೆಗೆಯುವಾಗ ಎಲ್ಲವೂ ಮೊದಲಿನಂತೆಯೇ ಇರಬೇಕೆಂದರೆ ಆಗದ ಮಾತು. ಕನ್ನಡವನ್ನು ಮೊದಲು ಬರೆದುಕೊಂಡು ಅದರಿಂದ ಇಂಗ್ಲಿಷನ್ನು ಪಡೆಯುವುದಾದರೆ ಏನೂ ಕಳೆದುಹೋಗುವುದಿಲ್ಲ, ಏಕೆಂದರೆ ಮೂಲ ನಮ್ಮ ಬಳಿಯೇ ಇರುತ್ತದೆ. ನಾವು ಉದ್ದಕ್ಕೂ ಮಾಡಿಕೊಂಡು ಬಂದದ್ದು ಇದರ ತಿರುವುಮುರುವು.

ರಾಜಾಜಿನಗರ

ಎಲ್ಲರೂ ಹೇಳುವುದು ಸರಿ, ಆದರೆ ಮುಂದಿನ ದಾರಿ ಬೇರೆ ಎಂದು ನನ್ನ ಅನಿಸಿಕೆ. ದೇಶಕ್ಕೆಲ್ಲ ಒಂದೇ ಗುರುತಿನ ವ್ಯವಸ್ಥೆ ಬೇಕೆಂದರೆ ಒಂದು ಸಾಮಾನ್ಯ ಲಿಪಿ ಬೇಕು. ಆಧಾರ್‌ನಲ್ಲಿರುವ ಇಂಗ್ಲಿಷ್ ಹೆಸರನ್ನೇ ಅಂತಿಮವೆಂದು ಒಪ್ಪಿಕೊಂಡು ಪಹಣಿ, ಪಡಿತರ ಚೀಟಿ, ಬ್ಯಾಂಕು ಎಲ್ಲವನ್ನೂ ಅದಕ್ಕೆ ಹೊಂದಿಸಿಬಿಟ್ಟರೆ ಒಂದೇ ಸಲಕ್ಕೆ ಗೊಂದಲ ಮುಗಿಯುತ್ತದೆ. ನಾನು ಬೆಂಗಳೂರಿನ ಮನೆಯ ಇ-ಖಾತೆಗೆ ಹಾಗೆಯೇ ಮಾಡಿಕೊಂಡೆ.

ಅರಳಿಕಟ್ಟೆ

ರಾಜಾಜಿನಗರದವರೇ, ನಿಮ್ಮ ಸಲಹೆಯ ಹಿಂದಿರುವ ಕಾಳಜಿ ಅರ್ಥವಾಗುತ್ತದೆ. ಆದರೆ ಅದರ ಪ್ರಕಾರ ನಡೆದರೆ ಮೂವತ್ತು ವರ್ಷಗಳಿಂದ ಸರಿಯಾಗಿರುವ ಪಹಣಿಯನ್ನು ತಪ್ಪಾಗಿರುವ ಚೀಟಿಗೆ ಹೊಂದಿಸಿದಂತಾಗುತ್ತದೆ. ನಾಳೆ ತಾಯಿಯ ತವರಿನ ವಿಭಾಗ ಪತ್ರ, ಹಳೆಯ ಮ್ಯುಟೇಷನ್ (ಹಕ್ಕು ಬದಲಾವಣೆಯ ದಾಖಲೆ), ಕಂದಾಯದ ರಸೀದಿ ಎಲ್ಲವೂ ಕಾಳಮ್ಮ ಎನ್ನುತ್ತಿರುವಾಗ ಪಹಣಿಯೊಂದು ಕಲಮ್ಮ ಎಂದರೆ, ಆ ಕಲಮ್ಮ ಯಾರೆಂದು ಕೇಳಿ ದಾಯಾದಿಗಳು ತಕರಾರು ಹಾಕುವುದಕ್ಕೆ ನಾವೇ ಬಾಗಿಲು ತೆರೆದಂತೆ. ಇಂಗ್ಲಿಷಿನ ಹೆಸರು ಅಂತಿಮವೆಂದರೆ ಅದನ್ನು ಓದಲಾರದ ನನ್ನ ತಾಯಿ ತನ್ನ ಆಸ್ತಿಯ ಕಾಗದದಲ್ಲಿ ತನ್ನ ಹೆಸರು ಸರಿಯಾಗಿದೆಯೇ ಎಂದು ಇನ್ನೊಬ್ಬರನ್ನು ಕೇಳಿಯೇ ತಿಳಿಯಬೇಕು. ಕನ್ನಡವನ್ನೂ ಅವರು ಓದಲಾರರು, ನಿಜ. ಆದರೆ ಕನ್ನಡವನ್ನು ಊರಿನಲ್ಲಿ ಯಾವ ಶಾಲೆಯ ಹುಡುಗನಾದರೂ ಓದಿ ಹೇಳುತ್ತಾನೆ, ಅವರು ಕಿವಿಯಿಂದ ಕೇಳಿ ಸರಿತಪ್ಪು ಹೇಳಬಲ್ಲರು.

ಕಂದಾಯದ ಹಿರಿಯರು ವಂಚನೆಯ ಬಗ್ಗೆ ಹೇಳಿದ್ದನ್ನು ಓದಿದ ಮೇಲೆ ನನ್ನ ಕೋಪ ಸ್ವಲ್ಪ ತಣಿದಿದೆ. ಯಂತ್ರ ಅನುಮಾನಿಸುವುದು ಬೇಡ ಎಂದು ನಾನು ಹೇಳುವುದಿಲ್ಲ. ಅನುಮಾನ ಬಂದ ಮೇಲೆ ಅದನ್ನು ಬಗೆಹರಿಸಲು ಕಚೇರಿಯೇ ಊರಿಗೆ ಬರಬೇಕು ಎಂಬುದು ನನ್ನ ವಾದ.

ಮಲಪ್ರಭೆ

ನಾನು ಬಾಗಲಕೋಟೆ ಕಡೆಯ ವಕೀಲೆ. ನಮ್ಮ ಭಾಗದಲ್ಲಿ ಈ ತೊಡಕು ಇನ್ನೊಂದು ರೂಪದಲ್ಲಿ ಬರುತ್ತದೆ ಮತ್ತು ಅದರ ಪೆಟ್ಟು ಹೆಚ್ಚಾಗಿ ಬೀಳುವುದು ಹೆಣ್ಣುಮಕ್ಕಳಿಗೆ. ಹಲವು ಮನೆತನಗಳಲ್ಲಿ ಮದುವೆಯಾದ ಮೇಲೆ ಸೊಸೆಯ ಹೆಸರನ್ನೇ ಬದಲಿಸುತ್ತಾರೆ. ತವರಿನಲ್ಲಿ ಒಂದು ಹೆಸರು ಒಂದು ಅಡ್ಡಹೆಸರು, ಗಂಡನ ಮನೆಯಲ್ಲಿ ಇನ್ನೊಂದು ಹೆಸರು ಇನ್ನೊಂದು ಅಡ್ಡಹೆಸರು. ಆಧಾರ್ ಮಾಡಿಸಿದ್ದು ಗಂಡನ ಮನೆಗೆ ಬಂದ ಮೇಲೆ. ಹೀಗಾಗಿ ತಂದೆ ತೀರಿಕೊಂಡು ಪೌತಿ ಖಾತೆ ಮಾಡಿಸುವ ಹೊತ್ತಿಗೆ ವಂಶವೃಕ್ಷದಲ್ಲಿರುವ ಮಗಳು ಆಧಾರ್‌ನಲ್ಲಿ ಸಿಗುವುದೇ ಇಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕಿದೆ ಎಂದು ನಮ್ಮ ರಾಜ್ಯ 1994ರಲ್ಲೇ ಕಾನೂನು ಮಾಡಿತು, ದೇಶಕ್ಕೆಲ್ಲ ಆ ಹಕ್ಕು 2005ರಲ್ಲಿ ಬಂತು, 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಮತ್ತಷ್ಟು ಗಟ್ಟಿ ಮಾಡಿತು. ಕಾನೂನು ಕೊಟ್ಟ ಪಾಲು ಕಾಗುಣಿತದಲ್ಲಿ ಕೈತಪ್ಪುವುದನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಅಣ್ಣತಮ್ಮಂದಿರು ಒಳ್ಳೆಯವರಾದರೆ, “ಈಕೆ ನಮ್ಮ ತಂಗಿಯೇ” ಎಂದು ಬಂದು ಸಹಿ ಹಾಕುತ್ತಾರೆ. ಮನಸ್ಸಿಲ್ಲದವರಿಗೆ ಸುಮ್ಮನಿದ್ದರೆ ಸಾಕು, ತಂಗಿಯ ಪಾಲು ತಾನೇ ನಿಂತುಹೋಗುತ್ತದೆ.

ಹಳೆಯ ದಾಖಲೆಗಳಲ್ಲಿ ‘ಉರ್ಫ್’ ಎಂಬ ಒಂದು ಸಣ್ಣ ಪದವಿತ್ತು. ‘ಗಂಗವ್ವ ಉರ್ಫ್ ಶಾಂತವ್ವ’ ಎಂದು ಬರೆದರೆ ಎರಡು ಮನೆ, ಎರಡು ಹೆಸರು, ಒಬ್ಬಳೇ ಹೆಂಗಸು ಎಂಬುದು ಒಂದೇ ಸಾಲಿನಲ್ಲಿ ತೀರುತ್ತಿತ್ತು. ಆಧಾರ್‌ನಲ್ಲಿ ಒಬ್ಬರಿಗೆ ಒಂದೇ ಹೆಸರಿನ ಜಾಗ. ಪಹಣಿ ಬರೆಯುವ ನಮ್ಮ ಕಂದಾಯ ಇಲಾಖೆಯಾದರೂ ಉರ್ಫ್ ಎಂಬುದನ್ನು ಗೌರವದಿಂದ ಉಳಿಸಿಕೊಳ್ಳಬೇಕು, ಹೋಲಿಸುವಾಗ ಎರಡೂ ಹೆಸರುಗಳನ್ನು ನೋಡಬೇಕು ಎಂದು ನಾನು ಒತ್ತಾಯಿಸುತ್ತೇನೆ.

ಅರಳಿಕಟ್ಟೆಯವರಿಗೆ ಒಂದೆರಡು ಸಲಹೆಗಳಿವೆ. ನಿಮ್ಮ ಪಹಣಿ ಸರಿಯಾಗಿದೆ, ಅದನ್ನು ಮುಟ್ಟಬೇಡಿ. ಆಧಾರ್‌ನ ಹೆಸರನ್ನು ತಿದ್ದಿಸಿ. ಆದರೆ ಹೆಸರಿನ ತಿದ್ದುಪಡಿಗೆ ಜೀವಮಾನದಲ್ಲಿ ಎರಡೇ ಅವಕಾಶ ಇರುವುದರಿಂದ ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಒಂದೇ ಸಲ, ಕಣ್ಣಲ್ಲಿ ಕಣ್ಣಿಟ್ಟು ನೋಡಿ ತಿದ್ದಿಸಿ. ಬ್ಯಾಂಕಿಗೆ ಹೋಗುವುದು ಅದಾದ ಮೇಲೆ. ಯಾರಿಗಾದರೂ ಪಹಣಿಯಲ್ಲಿಯೇ ತಪ್ಪಿದ್ದರೆ ಮೊದಲು ಕೈಬರಹದ ಪಹಣಿಯ ದೃಢೀಕೃತ ನಕಲು ಪಡೆಯಿರಿ. ಕಂಪ್ಯೂಟರಿಗೆ ಏರಿಸುವಾಗ ಆದ ತಪ್ಪೆಂದು ಅದರಿಂದ ತೋರಿಸಬಹುದಾದರೆ ತಹಶೀಲ್ದಾರರ ಮುಂದೆ ನಿಮ್ಮ ವಾದಕ್ಕೆ ಅದಕ್ಕಿಂತ ಬಲವಾದ ಆಧಾರ ಬೇರೊಂದಿಲ್ಲ. ಮ್ಯುಟೇಷನ್ ಆದೇಶವೇ ತಪ್ಪಾಗಿದ್ದರೆ ಭೂ ಕಂದಾಯ ಕಾಯ್ದೆ 1964ರ 136ನೇ ಕಲಮಿನ ಪ್ರಕಾರ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬೇಕಾಗುತ್ತದೆ.

ದುಬೈ ಕನ್ನಡತಿ

ವಿಷಯ ಪಹಣಿಯದಾದರೂ ನಮ್ಮ ಹೆಸರಿನ ಕ್ರಮಕ್ಕೆ ಜಗತ್ತಿನ ನಮೂನೆಗಳಲ್ಲಿ ಜಾಗವಿಲ್ಲ ಎಂಬ ಸಂಗತಿ ನನ್ನನ್ನೂ ಕಾಡಿದೆ. ನಮ್ಮಲ್ಲಿ ಹಲವರಿಗೆ ಕುಲನಾಮವೇ ಇಲ್ಲ. ಊರು, ತಂದೆ, ತನ್ನ ಹೆಸರು ಎಂಬುದು ನಮ್ಮ ಕ್ರಮ. ಎಸ್. ನಿಜಲಿಂಗಪ್ಪನವರ ಎಸ್ ಎಂದರೆ ಸಿದ್ದವನಹಳ್ಳಿ. ಎಚ್.ಡಿ. ದೇವೇಗೌಡರಲ್ಲಿ ಹರದನಹಳ್ಳಿಯೂ ಇದೆ, ತಂದೆ ದೊಡ್ಡೇಗೌಡರೂ ಇದ್ದಾರೆ. ಕೊಡಗಿನವರಾದ ಕಾರ್ಯಪ್ಪನವರ ಹೆಸರಿನಲ್ಲಿ ಕೊಡಂದೇರ ಎಂಬ ಮನೆತನ ಮೊದಲು ಬರುತ್ತದೆ. ಸಿದ್ದರಾಮಯ್ಯನವರ ಹೆಸರು ಒಂದೇ ಪದ. ಈ ನಾಲ್ಕೂ ಕನ್ನಡನಾಡಿನ ಸಹಜವಾದ ಹೆಸರುಗಳು, ಆದರೆ ಪಾಸ್‌ಪೋರ್ಟಿನ ಎರಡು ಚೌಕಗಳಿಗೆ ನೇರವಾಗಿ ಕೂರುವ ಹೆಸರು ಈ ನಾಲ್ಕರಲ್ಲಿ ಒಂದೂ ಇಲ್ಲ.

2022ರ ನವೆಂಬರಿನಲ್ಲಿ ಯುಎಇ ಸರ್ಕಾರ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಸಂದರ್ಶಕ ವೀಸಾದಲ್ಲಿ ಪ್ರವೇಶವಿಲ್ಲ ಎಂದಾಗ ನನ್ನ ಅತ್ತೆಯವರು ನನ್ನ ಹೆರಿಗೆಗೆಂದು ಹೊರಟು ನಿಂತಿದ್ದರು. ಪಾಸ್‌ಪೋರ್ಟಿನಲ್ಲಿ ಅವರ ಹೆಸರು ಒಂದೇ ಪದ, ಕುಲನಾಮದ ಸಾಲು ಖಾಲಿ. ಟಿಕೆಟ್ ರದ್ದಾಯಿತು. ಹೊಸ ಪಾಸ್‌ಪೋರ್ಟಿಗಾಗಿ ಮಾವನವರ ಹೆಸರನ್ನೇ ಅವರ ಕುಲನಾಮವನ್ನಾಗಿ ಮಾಡಿಸುವ ಹೊತ್ತಿಗೆ ಮಗುವಿಗೆ ನಾಲ್ಕು ತಿಂಗಳು ತುಂಬಿತ್ತು. ಈಗ ಅವರ ಪಾಸ್‌ಪೋರ್ಟಿನ ಹೆಸರು ಆಧಾರ್‌ನಲ್ಲಿಲ್ಲ, ಆಧಾರ್‌ನ ಹೆಸರು ಪಾಸ್‌ಪೋರ್ಟಿನಲ್ಲಿಲ್ಲ. ಅಮೆರಿಕದ ವೀಸಾದಲ್ಲಿ ಇಂಥವರ ಒಂದೇ ಹೆಸರನ್ನು ಕುಲನಾಮದ ಜಾಗಕ್ಕೆ ಹಾಕಿ, ಸ್ವಂತ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬರೆಯುತ್ತಾರೆ. ಮೊದಲ ಹೆಸರು ತಿಳಿದಿಲ್ಲ ಎಂಬುದು ಅದರ ಅರ್ಥ. ಹೆಸರಿಟ್ಟುಕೊಂಡೇ ಬಂದವರಿಗೆ ಹೆಸರು ತಿಳಿದಿಲ್ಲ ಎಂದು ಮುದ್ರೆ ಒತ್ತುವುದು ನನಗೆ ನೋವಿನ ವಿಷಯ.

ಹಳೆಯ ಕಂದಾಯದವ

ವಕೀಲರು ಉರ್ಫ್ ವಿಷಯ ಎತ್ತಿದ್ದು ಬಹಳ ಸರಿ. ಅರಳಿಕಟ್ಟೆಯವರು ಕಚೇರಿಯೇ ಊರಿಗೆ ಬರಬೇಕು ಎಂದಿದ್ದಾರೆ. ಅದಕ್ಕೆ ಹೊಸ ವ್ಯವಸ್ಥೆಯನ್ನೇನೂ ಹುಡುಕಬೇಕಾಗಿಲ್ಲ. ಸ್ಥಳ ಮಹಜರು ಎಂಬುದು ನಮ್ಮ ಇಲಾಖೆಯ ಅತ್ಯಂತ ಹಳೆಯ ಕ್ರಮ. ಊರಿನಲ್ಲಿ ಕುಳಿತು ಅಕ್ಕಪಕ್ಕದ ಹಿಡುವಳಿದಾರರನ್ನು ಕರೆಸಿ, “ಈ ಸರ್ವೆ ನಂಬರಿನ ಕಾಳಮ್ಮ ಯಾರು?” ಎಂದು ಕೇಳಿ, ಅವರು ತೋರಿಸಿದವರ ಮುಂದೆಯೇ ಹೇಳಿಕೆ ಬರೆದು ಸಹಿ ಪಡೆದರೆ ಅರ್ಧ ಗಂಟೆಯ ಕೆಲಸ. ಹತ್ತು ಅಫಿಡವಿಟ್ಟುಗಳಿಗಿಂತ ಅದು ಗಟ್ಟಿ, ಏಕೆಂದರೆ ಅಫಿಡವಿಟ್ಟಿನಲ್ಲಿ ಮಾತನಾಡುವವರು ಸಂಬಂಧಪಟ್ಟವರೊಬ್ಬರೇ, ಮಹಜರಿನಲ್ಲಿ ಇಡೀ ಊರೇ ಸಾಕ್ಷಿಯಾಗಿರುತ್ತದೆ. ಬೇರೆಯವರ ಜಮೀನಿಗೆ ಆಸೆಪಟ್ಟವನು ನೋಟರಿಯ ಮುಂದೆ ಸುಳ್ಳು ಹೇಳಬಲ್ಲ, ಬದುವಿನ ಮೇಲೆ ನೆರೆಯವರ ಮುಂದೆ ನಿಂತು ಹೇಳುವುದು ಕಷ್ಟ.

ತೀರಿಕೊಂಡವರ ಹೆಸರಿನಲ್ಲಿಯೇ ಉಳಿದಿರುವ ಲಕ್ಷಗಟ್ಟಲೆ ಪಹಣಿಗಳನ್ನು ಪೌತಿ ಖಾತೆ ಮಾಡಿಸಲು ಇಲಾಖೆ ಅಭಿಯಾನ ಕೈಗೊಂಡಿದೆಯಲ್ಲ, ಅದೇ ಅಧಿಕಾರಿ ಅದೇ ದಿನ ಹೆಸರಿನ ಮಹಜರನ್ನೂ ಮುಗಿಸಬಹುದು. ನಾನು ಸೇವೆಯಲ್ಲಿದ್ದಾಗ ಇದನ್ನು ಮಾಡಿಸಲಿಲ್ಲವಲ್ಲ ಎಂಬ ಕೊರಗು ನನಗಿದೆ.

ಹೊಸ ತಂದೆ

ಹಿರಿಯರ ನಡುವೆ ಒಂದು ಸಣ್ಣ ಪ್ರಶ್ನೆ. ನಮಗೆ ಎರಡು ತಿಂಗಳ ಹಿಂದೆ ಮಗಳು ಹುಟ್ಟಿದಳು. ಇಳಾ ಎಂದು ಹೆಸರಿಡಬೇಕೆಂದಿದ್ದೇವೆ. ಜನನ ಪ್ರಮಾಣಪತ್ರದಲ್ಲಿ ಇನ್ನೂ ಹೆಸರು ಸೇರಿಸಿಲ್ಲ. ಇಂಗ್ಲಿಷಿನಲ್ಲಿ ಹೇಗೆ ಬರೆದರೂ ಯಂತ್ರ ಅದನ್ನು ‘ಇಲಾ’ ಎಂದೇ ಮಾಡುತ್ತದಲ್ಲವೇ? ಹಾಗಾದರೆ ಳಕಾರವಿಲ್ಲದ ಬೇರೆ ಹೆಸರನ್ನೇ ಹುಡುಕುವುದು ಒಳ್ಳೆಯದೇ? ಮನೆಯಲ್ಲಿ ಇದರ ಬಗ್ಗೆ ಚರ್ಚೆ ನಡೆಯುತ್ತಿದೆ.

ಶಿಬಿರದ ಹುಡುಗಿ

ದಯವಿಟ್ಟು ಹೆಸರನ್ನು ಬದಲಿಸಬೇಡಿ ಸರ್. ನಮ್ಮಲ್ಲಿ ಜನನ ಪ್ರಮಾಣಪತ್ರ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಇರುತ್ತದೆ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆಗೆ ಸೇರುವುದರಿಂದ ಹಿಡಿದು ಮುಂದಿನ ಹಲವು ಕೆಲಸಗಳಿಗೆ ಅದೇ ಮೂಲ ದಾಖಲೆಯಾಗಿರುವುದರಿಂದ ಅಲ್ಲಿ ಸರಿಯಾದರೆ ಮುಂದೆಲ್ಲ ಸರಿಯಾಗುತ್ತದೆ. ಅರ್ಜಿಯಲ್ಲಿ ಕನ್ನಡದ ಹೆಸರನ್ನು ದೊಡ್ಡದಾಗಿ, ಬಿಡಿಬಿಡಿಯಾಗಿ ನೀವೇ ಬರೆಯಿರಿ. ಒಂದು ವರ್ಷದೊಳಗೆ ಹೆಸರು ಸೇರಿಸಿದರೆ ಶುಲ್ಕವೂ ಇಲ್ಲ. ಐದು ವರ್ಷದೊಳಗಿನ ಮಕ್ಕಳ ಆಧಾರ್‌ಗೆ ಬೆರಳಚ್ಚು ತೆಗೆಯುವುದಿಲ್ಲ, ಆದರೆ ಹೆಸರು ಆಗಲೇ ಸೇರುತ್ತದೆ. ಆಪರೇಟರ್ ಪರದೆ ತೋರಿಸಿದಾಗ ಫೋಟೋ ಆಮೇಲೆ ನೋಡಿ, ಮೊದಲು ಕನ್ನಡದ ಸಾಲು ಓದಿ. ‘ಇಲಾ’ ಎಂದಿದ್ದರೆ ಅಲ್ಲಿಯೇ ತಿದ್ದಲು ಹೇಳಿ. ಸಾಲು ಉದ್ದವಿದೆ ಎಂದು ಅವರು ಅವಸರಪಟ್ಟರೂ ನೀವು ಏಳಬೇಡಿ. ಅಕ್ಷರ ತೆರೆಯ ಮೇಲಿನ ಕೀಲಿಮಣೆಯಲ್ಲಿಯೇ ಇರುತ್ತದೆ, ಹುಡುಕಿ ಒತ್ತಲು ಒಂದು ನಿಮಿಷವೂ ಬೇಡ. ಕೊನೆಗೆ ಕೊಡುವ ಸ್ವೀಕೃತಿ ಚೀಟಿಯನ್ನೂ ಓದಿಯೇ ಹೊರಡಿ.

ತಂತ್ರಾಂಶ ಬರೆಯುವವನು

ಒಂದು ಮಾತು ಸೇರಿಸುತ್ತೇನೆ. ಇಂಗ್ಲಿಷಿನಲ್ಲಿ ಒಮ್ಮೆ ಯಾವ ಕಾಗುಣಿತ ಬರೆದಿರೋ ಅದನ್ನು ಮತ್ತೆಂದೂ ಬದಲಿಸಬೇಡಿ. ಚೆನ್ನಾಗಿ ಕಾಣುತ್ತದೆಂದು ಮಧ್ಯದಲ್ಲಿ ಇನ್ನೊಂದು ಎ, ಕೊನೆಗೆ ಎಚ್ ಸೇರಿಸುವುದೂ ಬೇಡ. ಅಪ್ಪನ ಹೆಸರಿನ ಇನಿಷಿಯಲ್ ಹಾಕುವುದಾದರೆ ಅದನ್ನು ಬಿಡಿಸಿ ಪೂರ್ಣವಾಗಿಯೇ ಬರೆಯಿಸಿ. ದುಬೈನವರು ಹೇಳಿದ ತೊಂದರೆ ನಿಮ್ಮ ಮಗಳಿಗೆ ಬರುವುದಿಲ್ಲ.

ರಾಜಾಜಿನಗರ

ಅರಳಿಕಟ್ಟೆಯವರ ಉತ್ತರ ಮತ್ತು ವಕೀಲರ ವಿವರಣೆ ಓದಿದ ಮೇಲೆ ನನ್ನ ಇ-ಖಾತೆಯನ್ನು ಮತ್ತೆ ತೆಗೆದು ನೋಡಿದೆ. ತಂದೆಯವರ ಕ್ರಯಪತ್ರದಲ್ಲಿರುವ ಹೆಸರಿಗೂ ಅದಕ್ಕೂ ಒಂದು ಒತ್ತಕ್ಷರದ ವ್ಯತ್ಯಾಸವಿದೆ. ನಾಳೆ ಮಾರುವ ಕಾಲಕ್ಕೆ ಅದು ಎದ್ದು ಬರುತ್ತದೆ ಎಂಬುದು ನನಗೆ ಆಗ ಹೊಳೆದಿರಲಿಲ್ಲ. ನನ್ನ ಹಿಂದಿನ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ.

ಅರಳಿಕಟ್ಟೆ

ಹದಿನೈದು ದಿನಗಳ ನಂತರ ಬರೆಯುತ್ತಿದ್ದೇನೆ. ಮಲಪ್ರಭೆ ಮೇಡಂ ಹೇಳಿದಂತೆ ಪಹಣಿಯನ್ನು ಮುಟ್ಟಲಿಲ್ಲ. ತಾಯಿಯನ್ನು ಕರೆದುಕೊಂಡು ಆಧಾರ್ ಕೇಂದ್ರಕ್ಕೆ ಹೋಗಿ ಹೆಸರಿನ ತಿದ್ದುಪಡಿಗೆ ಕೊಟ್ಟೆವು. ಯಂತ್ರ ಈ ಸಲವೂ ‘ಕಲಮ್ಮ’ ಎಂದೇ ಬರೆಯಿತು. ಅಲ್ಲಿದ್ದ ಯುವಕ ಬೇಸರಪಡದೆ ಕೀಲಿಮಣೆ ತೆರೆದು ದೀರ್ಘ ಹಾಕಿ, ಲ ಅಳಿಸಿ ಳ ಒತ್ತಿದ. ನಾನು ಅದನ್ನು ತಾಯಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರು ಎರಡು ಸಲ ಓದಿಸಿಕೊಂಡ ಮೇಲೆಯೇ ತಲೆಯಾಡಿಸಿದರು.

ಕಂದಾಯದ ಹಿರಿಯರ ಮಾತು ಹಿಡಿದು ಗ್ರಾಮ ಆಡಳಿತ ಅಧಿಕಾರಿಗಳಿಗೆ ಮಹಜರು ಮಾಡಿಕೊಡುವಂತೆ ಲಿಖಿತ ಅರ್ಜಿ ಕೊಟ್ಟೆ. ಮೊದಲು, ಇದಕ್ಕೆ ನಮೂನೆಯೇ ಇಲ್ಲ ಎಂದರು. ನಮ್ಮ ಊರಿನಲ್ಲಿ ಇಂಥದೇ ತೊಂದರೆ ಇರುವ ಇನ್ನೂ ಹನ್ನೊಂದು ಮನೆಗಳ ಪಟ್ಟಿಯನ್ನು ಅರ್ಜಿಯ ಜೊತೆಗಿಟ್ಟಾಗ ಅವರು ಅದನ್ನು ಪೂರ್ತಿ ಓದಿ, ಮುಂದಿನ ಬುಧವಾರ ಊರಿಗೆ ಬರುವುದಾಗಿ ಹೇಳಿದ್ದಾರೆ. ಆ ಹನ್ನೊಂದರಲ್ಲಿ ಎಂಟು ಮಂದಿ ಹೆಂಗಸರು. ಶಾಲೆಯ ಜಗಲಿಯ ಮೇಲೆ ಕೂರಲು ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದಿದ್ದೇವೆ. ಕೈಬರಹದ ಪಹಣಿಯ ನಕಲುಗಳಿಗಾಗಿ ಆರು ಮನೆಯವರು ಅರ್ಜಿ ಹಾಕಿದ್ದಾರೆ, ಉಳಿದವರು ಸೋಮವಾರ ತಾಲ್ಲೂಕಿಗೆ ಹೊರಡುತ್ತಾರೆ. ಬುಧವಾರ ನಡೆದದ್ದನ್ನು ಅಂದು ಸಂಜೆಯೇ ಇಲ್ಲಿ ಬರೆಯುತ್ತೇನೆ. ನಿಮ್ಮ ಊರುಗಳಲ್ಲಿಯೂ ಇಂಥ ಪಟ್ಟಿ ಮಾಡುವವರಿದ್ದರೆ ನಮ್ಮ ಅರ್ಜಿಯ ನಕಲನ್ನು ಕಳುಹಿಸಿಕೊಡುತ್ತೇನೆ.